ಭಟ್ಕಳ ಮಲ್ಲಿಗೆಯ ಸಾಗುವಳಿಯೂ ಗಿಡದ ರೋಗವೂ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಹಿಡುವಳಿದಾರರಿಗೆ ಮಲ್ಲಿಗೆಯ ಬೆಲೆಯನ್ನು ತಿಳಿಸಬೇಕಾದುದಿಲ್ಲ. ಭತ್ತದ ಹಣವು ಕೊಯ್ಲಿನಲ್ಲಿ ಕೈಸೇರಿದರೆ, ಅಂಗಳದಂಚಿನ ಹತ್ತು ಬುಡ ಮಲ್ಲಿಗೆಯು ಹೂವಿನ ಕಾಲದಲ್ಲಿ ದಿನದಿನವೂ ಮನೆಯ ಹೆಂಗಸರ ಕೈಗೆ ಕಾಸನ್ನು ತರುವುದು. ಗಿಡವು ಸೊರಗಿದರೆ ನಿಲ್ಲುವುದು ಆ ನಿತ್ಯದ ಆದಾಯವೇ.

ಮಳೆಗಾಲದ ತರುವಾಯ ಗಿಡ ಕೆಟ್ಟಿತೆಂದು ಕರೆಬಂದ ತೋಟಗಳಲ್ಲಿ ನಾನು ಕಂಡ ತಪ್ಪು ಬಹುಮಟ್ಟಿಗೆ ಒಂದೇ: ಒತ್ತಾಗಿ ನೆಟ್ಟಿರುವುದು. ಸ್ಥಳವು ಉಳಿಯಿತೆಂದು ಎರಡಡಿಗೊಂದು ನೆಟ್ಟರೆ ಎಲೆಗೆ ಎಲೆ ತಾಗಿ ಗಾಳಿಯಾಡದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ತೊಯ್ದ ಎಲೆಯು ಆರುವ ಹೊತ್ತೇ ಸಿಕ್ಕದು. ಎಲೆಚುಕ್ಕೆಯನ್ನುಂಟುಮಾಡುವ ಶಿಲೀಂಧ್ರದ ಕಣಗಳು ಮೊಳೆಯಲು ಬೇಕಾದುದು ಈ ತೇವವೇ. ಎಲೆಯುದುರಿದ ಗಿಡವು ಆಹಾರವನ್ನು ಕೂಡಿಡಲಾರದೆ ಬೇಸಗೆಯಲ್ಲಿ ಮೊಗ್ಗು ವಿರಳವಾಗುವುದು. ಆದುದರಿಂದ ಗಿಡದಿಂದ ಗಿಡಕ್ಕೆ ನಾಲ್ಕಡಿಗಿಂತ ಕಡಿಮೆ ಇರಕೂಡದು. ತೆಂಗಿನ ದಟ್ಟ ನೆರಳೂ ಸಲ್ಲದು.

ಬೇಸಗೆಯಲ್ಲಿ ನೀರಿಗಾಗಿ ತೆಗೆದ ಪಾತಿಯನ್ನು ಮಳೆಗೆ ಮುಂಚೆ ಮುಚ್ಚಿ, ಬುಡಕ್ಕೆ ಮಣ್ಣೇರಿಸಬೇಕು. ನೀರು ನಿಂತಲ್ಲಿ ಬುಡವು ಕೊಳೆಯುವುದು. ಬುಡದ ಸುತ್ತ ಬಿಳಿಯ ನೂಲಿನಂಥ ಎಳೆಗಳೂ ಸಾಸಿವೆಯಂಥ ಕಂದು ಕಾಳುಗಳೂ ಕಂಡರೆ ಆ ಗಿಡದ ಆಸೆಯನ್ನು ಬಿಟ್ಟು, ಬೇರುಸಹಿತ ಕಿತ್ತು ಸುಡತಕ್ಕದ್ದು. ಗೊಬ್ಬರದ ಗುಂಡಿಗೆ ಹಾಕಿದರೆ ಆ ಕಾಳುಗಳು ಗೊಬ್ಬರದೊಡನೆ ತೋಟಕ್ಕೆ ಮರಳಿ ಬರುವುವು. ಹಸಿಯ ಸಗಣಿಯನ್ನೂ ದರಕನ್ನೂ ಕಾಂಡಕ್ಕೆ ತಾಗುವಂತೆ ರಾಶಿಹಾಕುವ ರೂಢಿಯನ್ನು ಬಿಡಬೇಕು. ರೋಗದ ತೋಟದಿಂದ ಕಡ್ಡಿಗಳನ್ನು ತಾರದಂತೆ ಊರ ಮುಖಂಡರು ನೆರೆಹೊರೆಯವರಿಗೆ ಹೇಳುವುದೊಳ್ಳೆಯದು.

ಮಳೆ ನಿಂತ ಮೇಲೆ ಒಣಗಿದ, ರೋಗ ಹಿಡಿದ ರೆಂಬೆಗಳನ್ನು ತೆಗೆದು, ಗಿಡವನ್ನು ಒಂದೂವರೆ ಅಡಿಯ ಎತ್ತರಕ್ಕೆ ಸವರಬೇಕು. ಕತ್ತರಿ ಹಾಕಲು ಹಲವರು ಮರುಗುವರು. ಆದರೆ ಹೂವು ಬಿಡುವುದು ಹೊಸ ಚಿಗುರಿನಲ್ಲಿ. ಸವರಿದೊಡನೆ ಚೆನ್ನಾಗಿ ಕಳಿತ ಗೊಬ್ಬರವನ್ನು ಕೊಡಿರಿ.

ಎಲೆಚುಕ್ಕೆಗೆ, 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗಕ್ಕಾಗಿ ಪ್ರಚಾರಕ್ಕೆ ತಂದ ಬೋರ್ಡೋ ದ್ರಾವಣವೇ ಸಾಕು. ಹತ್ತು ಲೀಟರಿಗೆ ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ಒಂದೊಂದನ್ನೂ ಐದೈದು ಲೀಟರ್ ನೀರಿನಲ್ಲಿ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಪಾತ್ರೆಯು ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಆಗಿರಲಿ. ನೌಕರಿಯ ಮೊದಲಲ್ಲಿ ಅವಸರದಿಂದ ಕಬ್ಬಿಣದ ಬಾಲ್ದಿಯಲ್ಲಿ ಕಲಸಿ, ನೆರೆದ ರೈತರೆದುರಿಗೇ ದ್ರಾವಣವನ್ನು ಕೆಡಿಸಿದವನು ನಾನು. ಉಜ್ಜಿದ ಚೂರಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡಿರಿ. ಕೆಂಪು ಕಟ್ಟಿದರೆ ಸುಣ್ಣದ ನೀರನ್ನು ಇನ್ನಷ್ಟು ಸೇರಿಸಬೇಕು. ಮಳೆ ಹಿಡಿಯುವ ಮುಂಚೆ, ಮೊಗ್ಗು ಕೊಯ್ದಾದ ಮೇಲೆ, ಎಲೆಯ ಎರಡೂ ಮಗ್ಗುಲಿಗೆ ಸಿಂಪಡಿಸತಕ್ಕದ್ದು. ಕಲಸಿದ ದ್ರಾವಣವನ್ನು ಮರುದಿನಕ್ಕೆ ಇಡಬಾರದು.