ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಹಲ್ಲು ಯಾವಾಗ?

ಕಳೆದ ಮಳೆಗಾಲದಲ್ಲಿ ಮಾಣಿಯ ನನ್ನ ಕ್ಲಿನಿಕ್ಕಿಗೆ ಒಬ್ಬ ತಾಯಿ ತನ್ನ ಅತ್ತೆಯ ಜೊತೆ ಬಂದರು. ಮಡಿಲಲ್ಲಿ 11 ತಿಂಗಳ ಹೆಣ್ಣುಮಗು. ಜ್ವರವಿಲ್ಲ, ಕೆಮ್ಮಿಲ್ಲ. “ಡಾಕ್ಟ್ರೇ, ಇವಳಿಗೆ ಇನ್ನೂ ಒಂದು ಹಲ್ಲೂ ಬಂದಿಲ್ಲ. ಪಕ್ಕದ ಮನೆಯ ಮಗು ಇವಳಿಗಿಂತ ನಾಲ್ಕು ದಿನ ಚಿಕ್ಕದು, ಅದಕ್ಕೆ ಆಗಲೇ ಆರು ಹಲ್ಲು” ಎಂದರು ಅತ್ತೆ. ಗಲ್ಫಿನಲ್ಲಿರುವ ತಂದೆ ದಿನವೂ ವೀಡಿಯೊ ಕರೆ ಮಾಡಿ ಮಗುವಿನ ಬಾಯಿ ತೆರೆಸಿ ನೋಡುತ್ತಾರಂತೆ.

ತಾಯಿ ಕಾರ್ಡ್ ನೋಡಿದೆ. ಹೆರಿಗೆ ಆದದ್ದು 30ನೇ ವಾರಕ್ಕೆ. ಅಲ್ಲಿಯೇ ಅರ್ಧ ಉತ್ತರವಿತ್ತು.

ಹಾಲುಹಲ್ಲಿನ ಮೊಳಕೆ ಮಗು ಹುಟ್ಟಿದ ಮೇಲೆ ಶುರುವಾಗುವುದಲ್ಲ. ಗರ್ಭದಲ್ಲಿ ಆರನೇ ವಾರದ ಹೊತ್ತಿಗೇ ಒಸಡಿನ ಜಾಗದಲ್ಲಿ ಅದರ ತಯಾರಿ ಕಾಣಿಸುತ್ತದೆ. ನಾಲ್ಕನೇ ತಿಂಗಳಿನಿಂದ ಅದಕ್ಕೆ ಸುಣ್ಣದ ಅಂಶ ಸೇರಿ ಗಟ್ಟಿಯಾಗತೊಡಗುತ್ತದೆ. ಹೆರಿಗೆ ಬೇಗ ಆಯಿತೆಂದು ಈ ಕೆಲಸ ಬೇಗ ಮುಗಿಯುವುದಿಲ್ಲ. ಆದ್ದರಿಂದ ಲೆಕ್ಕವನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆ ಆಗಬೇಕಿದ್ದ ದಿನದಿಂದ ಹಿಡಿಯಬೇಕು. ವೈದ್ಯರು ಇದನ್ನು ಸರಿಪಡಿಸಿದ ವಯಸ್ಸು ಎನ್ನುತ್ತಾರೆ. ಪೂರ್ಣ ಗರ್ಭ 40 ವಾರ. ಈ ಮಗು 30ಕ್ಕೆ ಹುಟ್ಟಿತು, ಕಡಿಮೆಯಾದದ್ದು 10 ವಾರ, ಅಂದರೆ ಸುಮಾರು ಎರಡೂವರೆ ತಿಂಗಳು. 11ರಲ್ಲಿ ಅದನ್ನು ಕಳೆದರೆ ಉಳಿಯುವುದು ಎಂಟೂವರೆ. ಎಂಟೂವರೆ ತಿಂಗಳಿಗೆ ಹಲ್ಲು ಬಾರದ ಮಕ್ಕಳು ನಮ್ಮ ಸುತ್ತ ಎಷ್ಟೋ ಇದ್ದಾರೆ.

ತಿಂಗಳು ತುಂಬಿದ ಮಕ್ಕಳಿಗೆ ಸಾಮಾನ್ಯವಾಗಿ 6ರಿಂದ 10 ತಿಂಗಳೊಳಗೆ ಕೆಳಗಿನ ಎರಡು ಮುಂದಿನ ಹಲ್ಲುಗಳು ಬರುತ್ತವೆ. ಕೆಲವರಿಗೆ ವರ್ಷ ದಾಟುತ್ತದೆ. ಮೂರು ವರ್ಷದ ಹೊತ್ತಿಗೆ ಇಪ್ಪತ್ತೂ ಬಂದಿರುತ್ತವೆ. (ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬ ಮಾತು ನಮ್ಮ ಕಡೆ ಈಗಲೂ ಇದೆ. ನಾನೂ ಇಬ್ಬರು ಮಕ್ಕಳಿಗೆ ಸೋದರಮಾವ, ಅಲ್ಹಮ್ದುಲಿಲ್ಲಾಹ್ ಆರೋಗ್ಯವಾಗಿದ್ದೇನೆ.)

ಬೇಗ ಹುಟ್ಟಿದ ಎಲ್ಲ ಮಕ್ಕಳಿಗೂ ಈ ಕಳೆಯುವ ಲೆಕ್ಕ ಪೂರ್ತಿ ಹೊಂದುತ್ತದೆ ಎನ್ನಲಾಗದು. ಒಂದೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿ, ವಾರಗಟ್ಟಲೆ ಬಾಯಿಯಲ್ಲಿ ಉಸಿರಾಟದ ಕೊಳವೆ ಇಟ್ಟುಕೊಂಡು ಮಲಗಿದ ಮಕ್ಕಳಲ್ಲಿ ಇನ್ನಷ್ಟು ತಡವಾಗಬಹುದು. ಸುಣ್ಣ ಮತ್ತು ರಂಜಕದ ಹೆಚ್ಚಿನ ಭಾಗ ತಾಯಿಯಿಂದ ಮಗುವಿಗೆ ಸಿಗುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಆ ಪಾಲು ತಪ್ಪಿದ್ದರಿಂದ ಇಂಥ ಮಕ್ಕಳ ಹಲ್ಲಿನ ಮೇಲ್ಪದರ ತೆಳುವಾಗಿ, ಬಿಳಿ ಅಥವಾ ಹಳದಿ ಮಚ್ಚೆ, ಸಣ್ಣ ಕುಳಿ ಕಾಣಿಸಬಹುದು. ಹಾಗೆ ಕಂಡರೆ ದಂತವೈದ್ಯರಿಗೆ ತೋರಿಸಿ, ಬೇಗ ಹುಳುಕಾಗುವ ಹಲ್ಲು ಅದು.

ಆ ದಿನ ನನಗೆ ಆತಂಕ ತಂದದ್ದು ಹಲ್ಲಲ್ಲ. ಮಗುವಿನ ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿತ್ತು. “ಏನು ತಿನ್ನಿಸುತ್ತೀರಿ?” ಎಂದು ಕೇಳಿದೆ. “ಹಲ್ಲು ಬಾರದೆ ಏನು ಕೊಡುವುದು? ಹಾಲು ಮಾತ್ರ” ಎಂದರು. ಇದು ದೊಡ್ಡ ತಪ್ಪು. ಬೇಗ ಹುಟ್ಟಿದ ಮಗುವಿನ ದೇಹದಲ್ಲಿ ಕಬ್ಬಿಣದ ಸಂಗ್ರಹ ಮೊದಲೇ ಕಡಿಮೆ. ಹಾಲು ಮಾತ್ರ ಕುಡಿಯುತ್ತಿದ್ದರೆ ರಕ್ತಹೀನತೆಯ ಅಪಾಯ ಹೆಚ್ಚು. ಮೆತ್ತಗಿನದನ್ನು ಅರೆಯಲು ಒಸಡು ಸಾಕು. ಸರಿಪಡಿಸಿದ ವಯಸ್ಸು ಆರು ತಿಂಗಳಾಗುವ ಹೊತ್ತಿಗೆ ರಾಗಿ ಮಣ್ಣಿ, ಚೆನ್ನಾಗಿ ಬೆಂದು ಹಿಸುಕಿದ ಅನ್ನ-ಬೇಳೆ, ಬೇಯಿಸಿದ ಬಾಳೆಹಣ್ಣು ಶುರುವಾಗಬೇಕು. ಬರಬರುತ್ತ ಮೊಟ್ಟೆ, ಮುಳ್ಳು ತೆಗೆದ ಮೀನು. ಎದೆಹಾಲೂ ಮುಂದುವರಿಯಲಿ. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಕಬ್ಬಿಣ ಮತ್ತು ವಿಟಮಿನ್ ಡಿ ಹನಿಗಳನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ. ಈ ಮನೆಯಲ್ಲಿ ಅದು ಎರಡೇ ತಿಂಗಳಿಗೆ ನಿಂತಿತ್ತು. ರಕ್ತಪರೀಕ್ಷೆ ಬರೆದುಕೊಟ್ಟು ಮಕ್ಕಳ ತಜ್ಞರಲ್ಲಿಗೆ ಕಳುಹಿಸಿದೆ. ಒಂದು ಮಾತು ನೆನಪಿರಲಿ: ಚುಚ್ಚುಮದ್ದಿಗೆ ಈ ಕಳೆಯುವ ಲೆಕ್ಕ ಇಲ್ಲ, ಅದು ಹುಟ್ಟಿದ ತಾರೀಕಿನ ಪ್ರಕಾರವೇ.

ಒಸಡಿಗೆ ಜೇನು ಸವರುವ ಮಾತು ಯುನಾನಿ ಗ್ರಂಥಗಳಲ್ಲೂ ಇದೆ, ನಾನು ಓದಿದವನೇ. ಆದರೂ ಒಂದು ವರ್ಷದೊಳಗಿನ ಮಗುವಿಗೆ ನಾನು ಜೇನು ಕೊಡಿಸುವುದಿಲ್ಲ. ಅದರಲ್ಲಿರಬಹುದಾದ ಒಂದು ಬಗೆಯ ಅಣುಜೀವಿ ಎಳೆಯ ಕರುಳಿನಲ್ಲಿ ವಿಷ ಹುಟ್ಟಿಸಿ ಸ್ನಾಯುಗಳನ್ನು ಸೋಲಿಸುತ್ತದೆ. ಹಿಂದಿನ ಹಕೀಮರಿಗೆ ಇದು ಗೊತ್ತಿರಲಿಲ್ಲ. ತೊಳೆದ ಬೆರಳಿನಿಂದ ಒಸಡು ತಿಕ್ಕಿದರೆ ಸಾಕು. ಹಲ್ಲು ಬರಲೆಂದು ಕುತ್ತಿಗೆಗೆ ಮಣಿಸರ ಹಾಕಿದರೆ ದಾರ ಕಡಿದು ಮಣಿ ಗಂಟಲಿಗೆ ಹೋಗಬಹುದು.

ಭೇದಿ, ಜೋರು ಜ್ವರ ಬಂದಾಗ “ಹಲ್ಲು ಬರುವುದಕ್ಕೆ” ಎಂದು ಮನೆಯಲ್ಲಿ ಕೂರುವವರೂ ಇದ್ದಾರೆ. ಹಲ್ಲು ಬರುವಾಗ ಜೊಲ್ಲು, ಕಿರಿಕಿರಿ ಸಹಜ. ಭೇದಿಯೂ ಜೋರು ಜ್ವರವೂ ಹಲ್ಲಿನಿಂದ ಬರುವುದಲ್ಲ. ಬೇಗ ಹುಟ್ಟಿದ ಮಗು ನೀರಿನಂಶ ಕಳೆದುಕೊಂಡು ಬಹಳ ಬೇಗ ಸೋಲುತ್ತದೆ. ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ಸರಿಪಡಿಸಿದ ವಯಸ್ಸು ಒಂದೂವರೆ ವರ್ಷವಾದರೂ ಒಂದು ಹಲ್ಲೂ ಕಾಣದಿದ್ದರೆ, ಅಥವಾ ಹಲ್ಲಿನ ಜೊತೆಗೆ ತೂಕ, ಕೂರುವುದು, ನಿಲ್ಲುವುದು ಎಲ್ಲವೂ ಹಿಂದೆ ಬಿದ್ದಿದ್ದರೆ ತಡಮಾಡದೆ ತೋರಿಸಿ. ಹಲ್ಲು ಬಂದ ದಿನದಿಂದಲೇ ಮೆತ್ತನೆಯ ಬ್ರಷ್‌ನಲ್ಲಿ ಅಕ್ಕಿ ಕಾಳಿನಷ್ಟು ಪೇಸ್ಟ್ ಹಾಕಿ ಉಜ್ಜಿ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ.

ಆ ಮಗುವಿಗೆ 13ನೇ ತಿಂಗಳಲ್ಲಿ ಮೊದಲ ಹಲ್ಲು ಕಾಣಿಸಿತು. ಅತ್ತೆಯೇ ಫೋನ್ ಮಾಡಿ ಹೇಳಿದರು. ಮಣ್ಣಿಯನ್ನು ಈಗ ದಿನಕ್ಕೆ ಎರಡು ಬಟ್ಟಲು ತಿನ್ನುತ್ತಾಳಂತೆ.