ಅಧ್ಯಯನ ಪಾಠ: ಕಚೇರಿಯ ಗಣಕಜಾಲದಲ್ಲಿ ವಿಳಾಸದೋಷ ಮತ್ತು ಅದರ ಪರಿಹಾರ



ನಮ್ಮ ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ವಿಂಡೋಸ್ ಇರುವ ಗಣಕಯಂತ್ರ, ಉಬುಂಟು ಇರುವ ಮತ್ತೊಂದು, ಲ್ಯಾಪ್‌ಟಾಪ್, ಪ್ರಿಂಟರ್ ಹಾಗೂ ಸಿಬ್ಬಂದಿಯ ಮೊಬೈಲ್‌ಗಳು ಒಂದೇ ರೌಟರ್‌ಗೆ ಸೇರಿರುವುದು ಸಾಮಾನ್ಯ. ನಮೂನೆ 9 ಅಥವಾ 11ಕ್ಕಾಗಿ ಕೂಲಿ ಬಿಟ್ಟು ಬಂದವರಿಗೆ "ಸರ್ವರ್ ಇಲ್ಲ, ನಾಳೆ ಬನ್ನಿ" ಎನ್ನುವ ಮುನ್ನ, ದೋಷವು ಹೊರಗಿದೆಯೋ ನಮ್ಮ ಕೊಠಡಿಯಲ್ಲಿಯೇ ಇದೆಯೋ ಎಂಬುದನ್ನು ಪರೀಕ್ಷಿಸತಕ್ಕದ್ದು.

1. ವಿಳಾಸವೆಂದರೇನು?
ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಐಪಿ ವಿಳಾಸವಿರುತ್ತದೆ. ಉದಾಹರಣೆಗೆ 192.168.1.25. ಸಬ್‌ನೆಟ್ ಮಾಸ್ಕ್ 255.255.255.0 ಇದ್ದಲ್ಲಿ ಮೊದಲ ಮೂರು ಭಾಗಗಳು ಬೀದಿಯಂತೆ, ಕೊನೆಯದು ಮನೆ ಸಂಖ್ಯೆಯಂತೆ. ಬೀದಿ ಒಂದೇ ಆಗಿರಬೇಕು. ಮನೆ ಸಂಖ್ಯೆ ಬೇರೆ ಬೇರೆಯಾಗಿರಬೇಕು. ಈ ಸಂಖ್ಯೆಗಳನ್ನು ರೌಟರ್ ತಾನಾಗಿಯೇ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು.

2. ಪದೇ ಪದೇ ಕಾಣುವ ಮೂರು ದೋಷಗಳು
ಅ) ವಿಂಡೋಸ್ ಯಂತ್ರದ ವಿಳಾಸ 169.254 ಎಂದು ಆರಂಭವಾಗಿದ್ದರೆ, ರೌಟರ್‌ನಿಂದ ವಿಳಾಸ ದೊರೆತಿಲ್ಲವೆಂದರ್ಥ. ಕೇಬಲ್ ಪರಿಶೀಲಿಸಿ, ರೌಟರ್ ಆರಿಸಿ ಮತ್ತೆ ಚಾಲೂ ಮಾಡಬೇಕು.
ಆ) ರೌಟರ್ ಬದಲಿಸಿದ ಬಳಿಕ ಹೊಸದು 192.168.0 ಸಾಲಿನ ವಿಳಾಸ ಹಂಚುತ್ತಿರಬಹುದು. ಹಿಂದೆ ಕೈಯಿಂದ 192.168.1 ಸಾಲಿನ ವಿಳಾಸ ನಮೂದಿಸಿದ ಯಂತ್ರವು ಆಗ ಹೊರಗುಳಿಯುತ್ತದೆ. ಅದನ್ನು ಸ್ವಯಂಚಾಲಿತ ವಿಳಾಸಕ್ಕೆ ಬದಲಿಸಿದರೆ ಸಾಕು.
ಇ) ಪ್ರಿಂಟರ್‌ಗೆ ಕೈಯಿಂದ ನೀಡಿದ ಸಂಖ್ಯೆಯನ್ನೇ ರೌಟರ್ ಮೊಬೈಲ್‌ಗೂ ಹಂಚಿದರೆ, ಮುದ್ರಣವು ಒಮ್ಮೆ ಆಗಿ ಮತ್ತೊಮ್ಮೆ ನಿಲ್ಲುತ್ತದೆ. ರೌಟರ್ 100ರಿಂದ 200ರವರೆಗೆ ಮಾತ್ರ ಹಂಚುವಂತೆ ಮಾಡಿ, ಪ್ರಿಂಟರ್‌ಗೆ 20ರಂತಹ ಹೊರಗಿನ ಸಂಖ್ಯೆ ನೀಡುವುದು ಸೂಕ್ತ.

3. ಪರೀಕ್ಷೆಯ ಕ್ರಮ
ಮೊದಲು ಯಂತ್ರದ ವಿಳಾಸ ನೋಡಬೇಕು. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಆದೇಶ, ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟ ಅದನ್ನು ತೋರಿಸುತ್ತದೆ. ಎರಡನೆಯದಾಗಿ, ಗೇಟ್‌ವೇ, ಅಂದರೆ ರೌಟರ್‌ನ ವಿಳಾಸಕ್ಕೆ ಪಿಂಗ್ ಮಾಡಬೇಕು. ಉತ್ತರ ಬಾರದಿದ್ದರೆ ದೋಷವನ್ನು ಕಚೇರಿಯೊಳಗೇ ಹುಡುಕತಕ್ಕದ್ದು. ಮೂರನೆಯದಾಗಿ, 8.8.8.8ಕ್ಕೆ ಪಿಂಗ್ ಮಾಡಬೇಕು. ಗೇಟ್‌ವೇ ಉತ್ತರಿಸಿ ಇದು ಉತ್ತರಿಸದಿದ್ದರೆ ಅಂತರ್ಜಾಲ ಪೂರೈಕೆದಾರರಿಗೆ ದೂರು ನೀಡುವುದು. ಇದೂ ಉತ್ತರಿಸಿ ಯಾವ ಜಾಲತಾಣವೂ ತೆರೆಯದಿದ್ದರೆ, ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ಡಿಎನ್‌ಎಸ್ ಸೆಟ್ಟಿಂಗ್ ಸರಿಪಡಿಸಬೇಕು. ಇತರ ಜಾಲತಾಣಗಳು ತೆರೆದು ಒಂದು ಮಾತ್ರ ತೆರೆಯದಿದ್ದಲ್ಲಿ, "ಸರ್ವರ್ ಇಲ್ಲ" ಎಂಬ ಮಾತು ನಿಜವಿರಬಹುದು.

4. ಸದಸ್ಯರ ಪಾತ್ರ
ಸದಸ್ಯರು ತಾವೇ ದುರಸ್ತಿ ಮಾಡಬೇಕೆಂದಿಲ್ಲ. ಪ್ರತಿ ಯಂತ್ರದ ಹೆಸರು, ವಿಳಾಸ ಹಾಗೂ ಅದು ಸ್ವಯಂಚಾಲಿತವೋ ಕೈಯಿಂದ ನೀಡಿದ್ದೋ ಎಂಬುದನ್ನು ಒಂದು ವಹಿಯಲ್ಲಿ ಬರೆದಿಡುವಂತೆ ಸೂಚಿಸಬಹುದು. ಹೊಸ ಗಣಕಯಂತ್ರ ಅಥವಾ ಪ್ರಿಂಟರ್ ಖರೀದಿಯ ಪ್ರಸ್ತಾವನೆ ಸಭೆಗೆ ಬಂದಾಗ, ಮೇಲಿನ ಪರೀಕ್ಷೆಗಳು ನಡೆದಿವೆಯೇ ಎಂದು ಕೇಳಬಹುದು. ಒಂದು ಸಂಖ್ಯೆ ತಿದ್ದಿದರೆ ಸರಿಹೋಗುವ ದೋಷಕ್ಕೆ ಪಂಚಾಯಿತಿ ನಿಧಿಯೂ ಗ್ರಾಮಸ್ಥರ ದಿನವೂ ವ್ಯಯವಾಗಬಾರದು.