ಮಕ್ಕಳ ಮೊಬೈಲ್ ಗೀಳು: ಮನೆಯಿಂದಲೇ ಬಿಡಿಸಲು 8 ಸೂತ್ರಗಳು

ರಜೆಯ ದಿನ ಕೆಮ್ಮಣ್ಣುಗುಂಡಿ ಗಿರಿಧಾಮದ ಝಡ್ ಪಾಯಿಂಟ್ ದಾರಿಯಲ್ಲಿ ನಿಂತು ನೋಡಿ. ತಲೆ ತಗ್ಗಿಸಿ ರೀಲ್ಸ್ ನೋಡುತ್ತಾ ನಡೆಯುವ ಮಗ. ಹಿಂದಿನಿಂದ ‘ಅದನ್ನ ಒಳಗಿಡೋ’ ಎಂದು ಗದರುವ ಅಪ್ಪ. ಅಪ್ಪನ ಕೈಯಲ್ಲೂ ಮೊಬೈಲೇ! ಆ್ಯಪ್‌ಗಳು ಬಿಡದಂತೆ ಹಿಡಿದಿಡುತ್ತವೆ ಎಂಬುದು ನಿಜ. ಅವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಮನೆಯ ರೂಢಿ ಬದಲಿಸುವುದು ನಮ್ಮ ಕೈಯಲ್ಲೇ ಇದೆ.

1. ಮೊದಲು ನಿಮ್ಮ ಫೋನ್ ಕೆಳಗಿಡಿ. ಮಗಳು ಶಾಲೆಯ ಸುದ್ದಿ ಹೇಳುವಾಗ ನೀವು ಪರದೆ ನೋಡುತ್ತಾ ‘ಹೂಂ’ ಎಂದರೆ ಅವಳು ಬೇಗ ಮಾತು ಮುಗಿಸಿ ತನ್ನ ಫೋನ್ ಹಿಡಿಯುತ್ತಾಳೆ. ಹೆತ್ತವರು ಹೀಗೆ ಫೋನಿಗಾಗಿ ಮಕ್ಕಳನ್ನು ಕಡೆಗಣಿಸುವುದಕ್ಕೂ ಮಕ್ಕಳ ಗೀಳಿಗೂ ನಂಟಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಅಡಿಕೆ ಧಾರಣೆ ನೋಡಬೇಕೇ? ‘ಧಾರಣೆ ನೋಡ್ತೀನಿ, ಎರಡು ನಿಮಿಷ’ ಎಂದು ಹೇಳಿಯೇ ನೋಡಿ. ನೋಡಿದ ಮೇಲೆ ಪಕ್ಕಕ್ಕಿಡಿ.

2. ಎಷ್ಟು ಹೊತ್ತು ಎನ್ನುವ ಮೊದಲು ಏನು ಮಾಡಿದೆ ಎಂದು ಕೇಳಿ. ಗ್ರಾಮೀಣ ಭಾರತದ ಅಸರ್ 2024 ಸಮೀಕ್ಷೆಯ ಪ್ರಕಾರ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಓದಿಗೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ‘ಓದಿಗೆ ಬೇಕು’ ಎಂದ ಮಾತ್ರಕ್ಕೆ ನಂಬಿ ಸುಮ್ಮನಾಗಬೇಡಿ, ಸುಳ್ಳೆಂದು ರೇಗಲೂ ಬೇಡಿ. ಜೊತೆಗೆ ಕೂತು ನೋಡಿ.

3. ಮನೆಯವರ ಮಾತು ಒಂದೇ ಇರಲಿ. ಅಪ್ಪ ಬೇಡ ಅಂತಾನೆ, ಅಮ್ಮ ‘ಹೋಗ್ಲಿ ಬಿಡಿ’ ಅಂತಾಳೆ, ಅಜ್ಜಿ ತನ್ನ ಫೋನನ್ನೇ ಕೊಡುತ್ತಾಳೆ. ಇಂಥ ಮನೆಯಲ್ಲಿ ಯಾವ ನಿಯಮವೂ ವಾರ ಬಾಳುವುದಿಲ್ಲ. ಮಕ್ಕಳನ್ನೂ ಕೂರಿಸಿಕೊಂಡು ಎರಡೋ ಮೂರೋ ನಿಯಮ ಮಾಡಿ. ಅವು ದೊಡ್ಡವರಿಗೂ ಅನ್ವಯಿಸಲಿ.

4. ಚಾರ್ಜರ್ ನಡುಮನೆಗೆ ಬರಲಿ. ರಾತ್ರಿ ಎಲ್ಲರ ಫೋನೂ ಅಲ್ಲೇ ಮಲಗಲಿ. ‘ಅಲಾರಂ ಬೇಕಲ್ಲ’ ಎಂಬ ನೆಪಕ್ಕೆ ಒಂದು ಗಡಿಯಾರ ಕೊಂಡುಬಿಡಿ. ನಿದ್ದೆ ಸರಿಹೋದರೆ ಬೆಳಗಿನ ಅರ್ಧ ಜಗಳ ತಾನಾಗಿ ಇಳಿಯುತ್ತದೆ.

5. ಕಸಿಯುವ ಮುನ್ನ ಕಾರಣ ಹುಡುಕಿ. ಮನೆಯಲ್ಲಿ ದಿನಾ ಜಗಳ, ಎಸ್‌ಎಸ್‌ಎಲ್‌ಸಿ ಅಂಕದ ಒತ್ತಡ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಕೆ: ಇವುಗಳಿಂದ ತಪ್ಪಿಸಿಕೊಳ್ಳಲು ಮಗು ಪರದೆಯ ಹಿಂದೆ ಅಡಗಿರಬಹುದು. ಫೋನ್ ಕಿತ್ತು ಎಸೆದರೆ ಕಾರಣ ಅಲ್ಲೇ ಉಳಿಯುತ್ತದೆ, ಕದ್ದು ನೋಡುವುದು ಶುರುವಾಗುತ್ತದೆ.

6. ಫೋನ್ ಬಿಡಿಸಿ ಉಳಿದ ಹೊತ್ತಿಗೆ ಬದಲಿ ಕೊಡಿ. ತರೀಕೆರೆ, ಕಡೂರು, ಅಜ್ಜಂಪುರದವರಿಗೆ ಈ ವಿಷಯದಲ್ಲಿ ಅದೃಷ್ಟವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೆಯುತ್ತಿದ್ದ, 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ ಹತ್ತಿರದಲ್ಲೇ ಇದೆ. 1942ರಿಂದ ಅದು ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ. ಪ್ರವಾಸದ ಯೋಜನೆಯನ್ನು ಮಕ್ಕಳಿಗೇ ವಹಿಸಿ: ಲಿಂಗದಹಳ್ಳಿ ಮೇಲೆ ಹೋಗುವುದೇ, ಕಲ್ಹತ್ತಿಗಿರಿಯಲ್ಲಿ ನಿಲ್ಲುವುದೇ, ಹೆಬ್ಬೆ ಜಲಪಾತಕ್ಕೆ ಹೊತ್ತು ಸಾಲುತ್ತದೆಯೇ, ಬುತ್ತಿಗೆ ಏನು? ಫೋಟೋಕ್ಕೆ ಒಂದು ಫೋನ್ ಸಾಕು. ಉಳಿದವು ಒಂದೇ ಚೀಲದಲ್ಲಿರಲಿ. ವಾರದ ದಿನಗಳಿಗೆ ಕಬಡ್ಡಿ ಅಂಗಳ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ತೋಟದ ಒಂದು ಕೆಲಸ ಇವೆ. ‘ಹೋಗಿ ಆಡ್ಕೋ’ ಎನ್ನುವುದಕ್ಕಿಂತ ‘ಬಾ, ಹೋಗೋಣ’ ಎನ್ನುವುದು ಕೆಲಸ ಮಾಡುತ್ತದೆ.

7. ನೆರೆಮನೆಯವರನ್ನೂ ಸೇರಿಸಿಕೊಳ್ಳಿ. ‘ನನ್ನ ಫ್ರೆಂಡ್ಸ್ ಎಲ್ಲಾ ಆನ್‌ಲೈನ್ ಇದಾರೆ’ ಎಂಬ ವಾದವನ್ನು ಒಂದೇ ಮನೆ ಗೆಲ್ಲಲಾರದು. ಬೆಳಗಾವಿಗೆ ತಾಗಿದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಒಂದು ಕ್ರಮ ಜಾರಿಗೆ ಬಂತು. ಸಂಜೆ 7ಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಒಂದೂವರೆ ಗಂಟೆ ಊರಿಡೀ ಟಿವಿ, ಮೊಬೈಲ್ ಬಂದ್. ನಿಮಗೆ ಸೈರನ್ ಬೇಡ. ಒಂದೇ ಬೀದಿಯ ನಾಲ್ಕು ಮನೆ ಒಪ್ಪಿದರೂ ಮಕ್ಕಳಿಗೆ ಆಡಲು ಜೊತೆ ಸಿಗುತ್ತದೆ.

8. ಕೈಮೀರಿದರೆ ಸಂಕೋಚಪಡಬೇಡಿ. ಊಟ, ನಿದ್ದೆ, ಶಾಲೆ ಕೆಟ್ಟರೂ ನಿಲ್ಲಿಸಲಾಗುತ್ತಿಲ್ಲ ಎಂದಾದರೆ ಬೈಗುಳದಿಂದ ಪ್ರಯೋಜನವಿಲ್ಲ. ಹಿಡಿತ ತಪ್ಪಿದ ಗೇಮಿಂಗ್ ಅನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ‘ಶಟ್ ಕ್ಲಿನಿಕ್’ 2014ರಿಂದ ನಡೆಯುತ್ತಿದೆ. ಅಷ್ಟು ದೂರ ಹೋಗುವ ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಪ್ತಸಮಾಲೋಚನೆಗೆ ಮಗುವನ್ನಷ್ಟೇ ಕೂರಿಸಬೇಡಿ, ನೀವೂ ಕೂರಿ. ಬದಲಾಗಬೇಕಾದ ರೂಢಿಗಳಲ್ಲಿ ಅರ್ಧ ನಿಮ್ಮವೇ ಆಗಿರಬಹುದು.